ಫಿರಂಗಿ ಎಳೆದವರ ಚರಿತ್ರೆ

ಆಂಧ್ರದ ಗಡಿಯ ಕುಂದುರ್ಪಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅಡಂಗಲ್ (ಪಹಣಿ), ಆಧಾರ್, ಬೆಳೆ ವಿಮೆಯ ಅರ್ಜಿ ಇವೇ ದಿನವಿಡೀ ಕೆಲಸ. ಶುಕ್ರವಾರ ಸಂಜೆ ಮಾತ್ರ ಕಂಪ್ಯೂಟರ್ ಬಿಟ್ಟುಕೊಡುವುದಿಲ್ಲ. ಲಂಡನ್ನಿನ ಚೆಲ್ಸಿಯಲ್ಲಿರುವ ನ್ಯಾಷನಲ್ ಆರ್ಮಿ ಮ್ಯೂಸಿಯಂನವರ ಆನ್‌ಲೈನ್ ಉಪನ್ಯಾಸ ಇದ್ದರೆ ಕೂತು ಕೇಳುತ್ತೇನೆ. ಒಂದು ಪೈಸೆ ಖರ್ಚಿಲ್ಲ. ಹೆಸರು, ಇಮೇಲ್ ಕೊಟ್ಟರೆ ಲಿಂಕ್ ಬರುತ್ತದೆ. ಅಲ್ಲಿ ನಡುಹಗಲು ಹನ್ನೆರಡಾದರೆ ನಮಗೆ ಚಳಿಗಾಲದಲ್ಲಿ 5.30, ಬೇಸಿಗೆಯಲ್ಲಿ 4.30. ಇತಿಹಾಸಕಾರರು ಚಿತ್ರ, ನಕ್ಷೆ ತೋರಿಸುತ್ತ ಮಾತಾಡುತ್ತಾರೆ; ಕೊನೆಗೆ ನಮ್ಮ ಪ್ರಶ್ನೆ ಟೈಪ್ ಮಾಡಬಹುದು. ಇಂಗ್ಲಿಷ್ ಓಟ ಹಿಡಿಯದವರು ಯೂಟ್ಯೂಬ್‌ನಲ್ಲಿ ಸಿಗುವ ಉಪನ್ಯಾಸಗಳನ್ನು ನಿಧಾನ ಮಾಡಿಕೊಂಡು ಕೇಳಲಿ.

‘ಆ ದೊರೆಗಳ ಯುದ್ಧ ಕಟ್ಟಿಕೊಂಡು ನಿನಗೇನು?’ ಎನ್ನುವವರಿಗೆ ನಮ್ಮೂರ ಬೆಟ್ಟದ ಕೋಟೆ ತೋರಿಸುತ್ತೇನೆ. ರಾಯದುರ್ಗದ ಪಾಳೆಯಗಾರರ ಮನೆತನದ ಕೋನೇಟಿ ನಾಯಕ ಪೆನುಕೊಂಡ ಬಿಟ್ಟ ಮೇಲೆ ನೆಲೆ ನಿಂತದ್ದು ಇಲ್ಲೇ. ಮುಂದೆ ರಾಯದುರ್ಗವನ್ನು ಟಿಪ್ಪು ಕಿತ್ತುಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಮರುವರ್ಷವೇ ಈ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. ಆ ದೊರೆಗಳ ಯುದ್ಧಕ್ಕೆ ಕಂದಾಯ ಕಟ್ಟಿದವರು ನಮ್ಮ ಹಿರಿಯರೇ.

ಲಂಡನ್ನಿನ ಮಾತಿನಲ್ಲಿ ಜನರಲ್‌ಗಳೇ ಜಾಸ್ತಿ. ಹಾಗಾಗಿ ನಾನು ಕೇಳುವುದು ಒಂದೇ: ಎತ್ತುಗಳು ಎಲ್ಲಿ? 1791ರ ಮೇ ತಿಂಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಬಾಗಿಲವರೆಗೂ ಬಂದಿದ್ದ. ಅರಕೆರೆಯ ಕಾಳಗದಲ್ಲಿ ಗೆದ್ದೂ ಇದ್ದ. ಆದರೆ ಮಳೆ ಹಿಡಿಯಿತು, ಮೇವು ತೀರಿತು, ರೋಗ ತಗುಲಿ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಬೆಂಗಳೂರಿಗೆ ಹಿಂತಿರುಗಿದ. ಮುಂದಿನ ವರ್ಷ ಮತ್ತೆ ಬರಲು ಅವನಿಗೆ ಬೇಕಾದದ್ದು ಎತ್ತಿನ ಮೇಲೆ ಧಾನ್ಯ ಹೇರಿ ತರುವ ಲಂಬಾಣಿ ವ್ಯಾಪಾರಿಗಳು. ಅತ್ತ ಟಿಪ್ಪುವಿಗೆ ಅಮೃತಮಹಲ್ ತಳಿಯ ಬಲವಿತ್ತು. ಸೈನ್ಯದ ಸರಕಿಗೆಂದೇ ಸಾಕಿದ ಆ ದನಗಳಿಗೆ ಕಾವಲು ಎನ್ನುವ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಅಂಥ ಕಾವಲು ನಮ್ಮ ಗಡಿಯಾಚೆ ಚಳ್ಳಕೆರೆಯಲ್ಲೂ ಇದೆ.

ಇಂಥ ಉಪನ್ಯಾಸ ನಡೆಸಲು ಕನ್ನಡನಾಡಿನಲ್ಲೂ ಸರಕಿಗೇನೂ ಬರವಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಲ್ಲಿ ಹಾಳುಬಾವಿಯೊಂದನ್ನು ಅಗೆದಾಗ ಟಿಪ್ಪು ಕಾಲದವೆನ್ನಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಅವನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆ ಮ್ಯೂಸಿಯಂಗೆ ತಂದರು. ಅಲ್ಲಿಂದ ಯಾರಾದರೂ ತಿಂಗಳಿಗೊಂದು ಸಂಜೆ ಒಂದು ರಾಕೆಟ್ಟನ್ನು ಕ್ಯಾಮೆರಾ ಮುಂದೆ ಹಿಡಿದು, ಕೊಳವೆಗೆ ಮದ್ದು ಹೇಗೆ ತುಂಬುತ್ತಿದ್ದರು, ಬಿದಿರನ್ನು ಯಾಕೆ ಕಟ್ಟುತ್ತಿದ್ದರು ಎಂದು ಕನ್ನಡದಲ್ಲಿ ಹೇಳಲಿ. ಗಡಿಯ ಈಚೆಯ ನಮ್ಮಂಥ ಕನ್ನಡದವರಿಗೆ ಬಸ್ ಚಾರ್ಜೂ ಉಳಿಯುತ್ತದೆ. ಒಂದು ಫೋನು, ಒಳ್ಳೆಯ ಮಾತುಗಾರ ಇದ್ದರೆ ಸಾಕು. ಕೇಳುವವರನ್ನು ಕೂಡಿಸುವ ಜವಾಬ್ದಾರಿ ನನ್ನ ಅಂಗಡಿಯದು.