ತಾತನ ಪೆಟ್ಟಿಗೆಯ ಚೀನೀ ನೋಟು

ಗತಿಸಿದ ಹಿರಿಯರ ಪೆಟ್ಟಿಗೆಯ ತಳದಲ್ಲಿ ಹಳೆಯ ಚೀನೀ ನೋಟುಗಳು ದೊರೆಯುವುದುಂಟು. ಅವು ಎಂದಿನವೆಂದು ಅರಿಯುವುದು ಹೇಗೆ?

ಸನ್ ಯಾತ್-ಸೆನ್‌ರ ಭಾವಚಿತ್ರವಿದ್ದರೆ ನೋಟು ಬಹುಮಟ್ಟಿಗೆ ಚೀನೀ ಗಣರಾಜ್ಯದ್ದು. ಅದರ ಚೀನೀ ಬರಹವನ್ನು ಸಾಮಾನ್ಯವಾಗಿ ಬಲದಿಂದ ಎಡಕ್ಕೆ ಓದಬೇಕು. ಅಲ್ಲಿ ಅಚ್ಚಾಗಿರುವ ಗಣರಾಜ್ಯದ ವರ್ಷಕ್ಕೆ 1911ನ್ನು ಕೂಡಿಸಿದರೆ ನಮ್ಮ ಇಸವಿ ದೊರೆಯುತ್ತದೆ. 34 ಎಂದಿದ್ದರೆ 1945.

ಸೊನ್ನೆಗಳ ಸಾಲನ್ನು ಕಂಡು ಹಿಗ್ಗಬೇಡಿ. ಯುದ್ಧಗಳ ವೆಚ್ಚಕ್ಕೆಂದು ಸರ್ಕಾರ ಅಚ್ಚು ಹಾಕುತ್ತ ಹೋದಂತೆ ಹಣದ ಬೆಲೆ ಕರಗಿತು. 1948ರ ಆಗಸ್ಟಿನಲ್ಲಿ 30 ಲಕ್ಷ ಹಳೆಯ ಯುವಾನ್‌ಗಳಿಗೆ ಒಂದೇ ಒಂದು ‘ಚಿನ್ನದ ಯುವಾನ್’! ಹೆಸರು ಚಿನ್ನದ್ದಾದರೂ ಅದೂ ಕಾಗದವೇ. ವರ್ಷ ತುಂಬುವ ಮುನ್ನವೇ ಅದೂ ಕುಸಿಯಿತು.

ಆದರೂ ನೋಟನ್ನು ಎಸೆಯದಿರಿ. ಒಂದು ಸಂಸಾರದ ಉಳಿತಾಯವೆಲ್ಲ ಕಾಗದವಾದ ಕಥೆಗೆ ಅದೇ ಸಾಕ್ಷಿ.