ಕಡಲ ಫಸಲಿಗೆ ಲೆಕ್ಕವಿಡುವವರಾರು?

ಹೊಲಕ್ಕೆ ಪಹಣಿಯುಂಟು, ತೋಟಕ್ಕೆ ಸರ್ವೆ ನಂಬರುಂಟು. ಯಾವ ವರ್ಷ ಯಾವ ಗದ್ದೆಯಲ್ಲಿ ಯಾವ ಬೆಳೆ ನಿಂತಿತ್ತು ಎಂಬುದನ್ನು ಹಿಂದೆ ಶಾನುಭೋಗರು ಬರೆದಿಡುತ್ತಿದ್ದರು, ಇಂದು ಕಂದಾಯ ಇಲಾಖೆಯವರು ಬರೆದಿಡುತ್ತಾರೆ. ಕಡಲಿಗೆ ಮಾತ್ರ ಶಾನುಭೋಗನಿಲ್ಲ. ಅಲ್ಲಿ ಬಿತ್ತುವವನು ಒಬ್ಬನೂ ಇಲ್ಲ, ಕೊಯ್ಯುವವರು ಸಾವಿರಾರು ಮಂದಿ. ಫಸಲು ಕಣ್ಣಿಗೆ ಬೀಳುವುದು ಕೊಯ್ಲಾದ ಮೇಲೆಯೇ. ಹೀಗಿರಲು, ನೀರಿನೊಳಗೆ ಎಷ್ಟು ಉಳಿದಿದೆ, ಎಷ್ಟನ್ನು ತೆಗೆದರೆ ಮುಂದಿನ ವರ್ಷಕ್ಕೆ ಬೀಜ ಉಳಿದೀತು ಎಂಬ ಪ್ರಶ್ನೆಗೆ ಉತ್ತರವನ್ನು ದಡದಲ್ಲಿ ಕುಳಿತು ಬುಟ್ಟಿಗಳನ್ನೆಣಿಸುವವನೊಬ್ಬನೇ ಕೊಡಬೇಕಾಗಿದೆ. ಈ ಎಣಿಕೆಯ ಕಾರ್ಯವು ನಮ್ಮ ಕರಾವಳಿಯಲ್ಲಿ ಹೇಗೆ ನಡೆಯುತ್ತಿದೆ, ಅದರ ಮೇಲೆ ಕಟ್ಟಲ್ಪಡುವ ಕಾನೂನುಗಳು ಎಷ್ಟು ಗಟ್ಟಿ ಎಂಬುದನ್ನು ನಮ್ಮ ವಾಚಕರ ಮುಂದಿಡಬೇಕೆಂದು ನಾವು ಬಹುದಿನಗಳಿಂದ ಯೋಚಿಸುತ್ತಿದ್ದೆವು.

ಮೀನಿನ ಲೆಕ್ಕ ನಮ್ಮಲ್ಲಿ ಹೊಸದೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸು ಆಧಿಪತ್ಯದ ಸರಕಾರವು ದಕ್ಷಿಣ ಕನ್ನಡವೂ ಸೇರಿದಂತೆ ಕರಾವಳಿಯುದ್ದಕ್ಕೂ ಮೀನು ಉಪ್ಪು ಹಾಕುವ ಯಾರ್ಡುಗಳನ್ನು ತೆರೆದಿತ್ತು. ಉಪ್ಪಿನ ಮೇಲೆ ಭಾರವಾದ ಕರವಿದ್ದ ಕಾಲವದು. ಯಾರ್ಡಿನೊಳಗೆ ಮಾತ್ರ ಮೀನುಗಾರನಿಗೆ ಸುಲಭ ಬೆಲೆಯ ಉಪ್ಪು ಸಿಗುತ್ತಿತ್ತು. ಆ ಉಪ್ಪು ಹೊರಗೆ ಸೋರಿ ಹೋಗದಂತೆ ಕಾಯಲು ಎಷ್ಟು ಮೀನು ಒಳಗೆ ಬಂತು, ಎಷ್ಟು ಉಪ್ಪು ಕೊಟ್ಟಿತು ಎಂದು ಬರೆದಿಡುವುದು ಅಧಿಕಾರಿಗಳಿಗೆ ಅನಿವಾರ್ಯವಾಯಿತು. ಅಂದರೆ ಪರಕೀಯರ ಸರಕಾರ ಮೀನನ್ನು ಎಣಿಸಿದ್ದು ಮೀನಿನ ಮೇಲಣ ಅಕ್ಕರೆಯಿಂದಲ್ಲ, ಮೀನುಗಾರನ ಮೇಲಣ ಕರುಣೆಯಿಂದಲೂ ಅಲ್ಲ. ತನ್ನ ಉಪ್ಪಿನ ಬೊಕ್ಕಸವನ್ನು ಕಾಯುವುದಕ್ಕಾಗಿ. ಯಾರಿಗಾಗಿ ಲೆಕ್ಕ ಬರೆಯುತ್ತೇವೋ ಲೆಕ್ಕದ ಸ್ವರೂಪವೂ ಹಾಗೆಯೇ ಇರುತ್ತದೆ. ಯಾರ್ಡಿಗೆ ಬಾರದೆ ಹಸಿಯಾಗಿಯೇ ಮಾರಿಹೋದ ಮೀನು, ತೆಂಗಿನ ಬುಡಕ್ಕೆ ಗೊಬ್ಬರವಾಗಿ ಬಿದ್ದ ಬೂತಾಯಿ, ಇವು ಆ ಪುಸ್ತಕದಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ.

ಈ ಬೂತಾಯಿಯ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಮಂಗಳೂರಿನ ಕಡೆ ಬೂತಾಯಿ, ಉತ್ತರ ಕನ್ನಡದಲ್ಲಿ ತಾರ್ಲಿ, ಮಲಯಾಳ ದೇಶದಲ್ಲಿ ಮತ್ತಿ ಎಂದು ಕರೆಯಲ್ಪಡುವ ಈ ಸಣ್ಣ ಮೀನು ಬಡವನ ಅನ್ನದ ಜೊತೆಗಾರ. ಅದರ ಆಯುಷ್ಯವೇ ಎರಡು ಎರಡೂವರೆ ವರ್ಷ. ಮಳೆಗಾಲದಲ್ಲಿ ಕಡಲಿನ ಆಳದ ತಂಪು ನೀರು ಮೇಲೇರಿ ಬಂದಾಗ ಹುಟ್ಟುವ ಸೂಕ್ಷ್ಮ ಸಸ್ಯಗಳನ್ನು ತಿಂದು ಬೆಳೆಯುತ್ತದೆ. ಮರಿ ಹುಟ್ಟುವುದೂ ಅದೇ ಕಾಲದಲ್ಲಿ. ಆದುದರಿಂದ ಒಂದು ಮುಂಗಾರು ಕೆಟ್ಟರೆ, ನೀರಿನ ಬಿಸಿ ಏರಿದರೆ, ಮುಂದಿನ ವರ್ಷದ ಬುಟ್ಟಿ ಬರಿದು. 1907ರಲ್ಲಿ ಮದ್ರಾಸಿನ ಮೀನುಗಾರಿಕಾ ಇಲಾಖೆಗೆ ಅಡಿಪಾಯ ಹಾಕಿದ ಫ್ರೆಡರಿಕ್ ನಿಕೋಲ್ಸನ್ನರಿಗೂ, ಅವರ ತರುವಾಯ ಬಂದ ಜೇಮ್ಸ್ ಹಾರ್ನೆಲ್ಲರಿಗೂ ಈ ಮೀನಿನ ಏರಿಳಿತವು ಬಿಡಿಸಲಾರದ ಒಗಟಾಗಿತ್ತು. ಹಾರ್ನೆಲ್ಲರು ತಮ್ಮ ಸಹೋದ್ಯೋಗಿಯೊಡನೆ 1920ರ ದಶಕದಲ್ಲಿ ಬೂತಾಯಿಯ ಜೀವನವೃತ್ತಾಂತವನ್ನೇ ಬರೆದು ಪ್ರಕಟಿಸಿದರು.

1940ರ ದಶಕದಲ್ಲಿ ಬೂತಾಯಿ ಬಹುಮಟ್ಟಿಗೆ ಮಾಯವಾಯಿತು. ಅತಿಯಾಗಿ ಹಿಡಿದುದೇ ಕಾರಣವೆಂದು ಬಗೆದು ಮದ್ರಾಸು ಸರಕಾರವು ಕೆಲವು ಬಲೆಗಳಿಗೂ ಮರಿಮೀನು, ಮೊಟ್ಟೆಮೀನುಗಳ ಬೇಟೆಗೂ ನಿರ್ಬಂಧ ಹಾಕಿತು. ಯುದ್ಧಕಾಲದ ಬಡತನದಲ್ಲಿ ಬೆಂದಿದ್ದ ಮೀನುಗಾರನ ಮೇಲೆ ಈ ಬರೆಯೂ ಬಿತ್ತು. ಆಗ ಕಡಲಿನಲ್ಲಿ ಯಂತ್ರದ ದೋಣಿಗಳಿರಲಿಲ್ಲ. ಇದ್ದುದು ಹುಟ್ಟುಗೋಲು, ಹಾಯಿ, ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ. ನಿರ್ಬಂಧದಿಂದ ನಿರೀಕ್ಷಿಸಿದ ಫಲ ಕಾಣಲಿಲ್ಲ, ಕೆಲವೇ ವರ್ಷಗಳಲ್ಲಿ ಅದನ್ನು ಹಿಂದೆಗೆಯಲಾಯಿತು. ಮೀನು ಮಾತ್ರ ಮುಂದೆ ತನ್ನ ಇಷ್ಟ ಬಂದಾಗ ಮರಳಿ ಬಂತು. ಪ್ರಕೃತಿ ಮಾಡಿದ ಕಾರ್ಯಕ್ಕೆ ಬಲೆಯವನು ದಂಡ ತೆತ್ತಂತಾಯಿತೆಂದು ಇಂದು ಹಲವರು ಅಭಿಪ್ರಾಯಪಡುತ್ತಾರೆ. ದಶಕಗಳ ಕಾಲದ ಕ್ರಮಬದ್ಧವಾದ ಲೆಕ್ಕ ಕೈಯಲ್ಲಿದ್ದಿದ್ದರೆ ಆ ಕಾನೂನು ಹಾಗೆ ಹುಟ್ಟುತ್ತಿತ್ತೆ?

ಸ್ವಾತಂತ್ರ್ಯ ಬಂದ ವರ್ಷವೇ, 1947ರ ಫೆಬ್ರವರಿ 3ರಂದು, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆಯು ಸ್ಥಾಪಿತವಾಯಿತು. ಮೊದಲು ಮಂಡಪಂನಲ್ಲಿ ಬೇರೂರಿದ ಈ ಸಂಸ್ಥೆಯ ಮುಖ್ಯ ಕಚೇರಿ ಇಂದು ಕೊಚ್ಚಿಯಲ್ಲಿದೆ. ಮಂಗಳೂರಿನಲ್ಲಿ ಅದರ ಕೇಂದ್ರವುಂಟು. ಇಡೀ ದೇಶದ ಕರಾವಳಿಯ ಮೀನನ್ನೆಣಿಸಲು ಅದು ರೂಪಿಸಿಕೊಂಡ ವಿಧಾನ ಜಾಣತನದ್ದು. ಪ್ರತಿಯೊಂದು ದೋಣಿಯ ಬಳಿಯಲ್ಲೂ ಒಬ್ಬ ಗುಮಾಸ್ತೆಯನ್ನು ನಿಲ್ಲಿಸುವುದು ಯಾವ ಬೊಕ್ಕಸಕ್ಕೂ ಆಗದ ಮಾತು. ಆದುದರಿಂದ ಕರಾವಳಿಯನ್ನು ವಲಯಗಳನ್ನಾಗಿಯೂ ತಿಂಗಳನ್ನು ಹತ್ತು ಹತ್ತು ದಿನಗಳನ್ನಾಗಿಯೂ ವಿಂಗಡಿಸಿ, ಯಾವ ದಡಕ್ಕೆ ಯಾವ ದಿನ ಹೋಗಬೇಕೆಂಬುದನ್ನು ಚೀಟಿ ಎತ್ತಿದಂತೆ ಆಯ್ದುಕೊಳ್ಳುತ್ತಾರೆ. ಗಣಕನು ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಮರುದಿನ ಬೆಳಿಗ್ಗೆ 6ರಿಂದ ಮಧ್ಯಾಹ್ನದವರೆಗೆ ಅಲ್ಲಿರುತ್ತಾನೆ. ನಡುವಿನ ರಾತ್ರಿ ಬಂದ ದೋಣಿಗಳ ವಿಷಯವನ್ನು ವಿಚಾರಿಸಿ ಬರೆದುಕೊಳ್ಳುತ್ತಾನೆ. 15 ದೋಣಿಗಳವರೆಗೆ ಬಂದರೆ ಎಲ್ಲವನ್ನೂ ನೋಡುತ್ತಾನೆ, ಹೆಚ್ಚು ಬಂದರೆ ಕ್ರಮದಂತೆ ಕೆಲವನ್ನು ಆಯುತ್ತಾನೆ. ಬುಟ್ಟಿಯ ತೂಕ, ಮೀನಿನ ಜಾತಿ, ಬಲೆಯ ಬಗೆ, ಕಡಲಲ್ಲಿ ಕಳೆದ ಹೊತ್ತು ಇವೆಲ್ಲ ಸೇರಿ ತಿಂಗಳ ಲೆಕ್ಕವಾಗುತ್ತದೆ. ಅನ್ನ ಬೆಂದಿತೇ ಎಂದು ನೋಡಲು ಅಗುಳನ್ನು ಹಿಸುಕುವ ನಮ್ಮ ತಾಯಂದಿರಿಗೆ ಈ ತತ್ವವನ್ನು ಯಾವ ಪಂಡಿತನೂ ಕಲಿಸಬೇಕಾದದ್ದಿಲ್ಲ.

ಈ ಎಣಿಕೆಯಿಂದಲೇ ನಮಗಿಂದು ಕೆಲವು ಭಯಂಕರ ಸಂಗತಿಗಳು ತಿಳಿದಿವೆ. ಕೇರಳದ ದಡಕ್ಕೆ 2012ರಲ್ಲಿ ಸುಮಾರು 3.9 ಲಕ್ಷ ಟನ್ನು ಬೂತಾಯಿ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್ನು. ಒಂಬತ್ತು ವರ್ಷಗಳಲ್ಲಿ ನೂರರಲ್ಲಿ ಒಂದು ಪಾಲು! ಆಮೇಲೆ ಮತ್ತೆ ಮೀನು ಬಂದಿತೆಂಬುದು ನಿಜ. ಆದರೆ ಈ ಇಳಿತವನ್ನು 1940ರ ದಶಕದಂತೆ ಯಾರೂ ಕೇವಲ ಬಲೆಯ ತಲೆಗೆ ಕಟ್ಟಲಿಲ್ಲ, ಕೇವಲ ದೈವದ ತಲೆಗೂ ಕಟ್ಟಲಿಲ್ಲ. ನೀರಿನ ಬಿಸಿ, ಮುಂಗಾರಿನ ವ್ಯತ್ಯಾಸ, ಅದರ ಮೇಲೆ ಮರಿಗಳ ಬೇಟೆ, ಇವುಗಳನ್ನು ಬೇರೆ ಬೇರೆ ತೂಗಿ ನೋಡುವ ಪ್ರಯತ್ನವಾದರೂ ನಡೆಯಿತು. ಕೇರಳ ಸರಕಾರವು 2015ರಲ್ಲಿ 14 ಜಾತಿಯ ಮೀನುಗಳಿಗೆ ಕನಿಷ್ಠ ಅಳತೆಯನ್ನು ಗೊತ್ತುಪಡಿಸಿತು. ಮುಂದೆ ಆ ಪಟ್ಟಿ 58 ಜಾತಿಗಳಿಗೆ ಬೆಳೆಯಿತು. 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನೂ 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆಯನ್ನೂ ಅಲ್ಲಿ ಹಿಡಿಯಕೂಡದು. ಈ ಅಂಕಿಗಳು ಮಂತ್ರಿಯ ಮೇಜಿನ ಮೇಲೆ ಹುಟ್ಟಿದವಲ್ಲ. ದಡದಲ್ಲಿ ಕೋಲು ಹಿಡಿದು ಮೀನಳೆದವರ ಪುಸ್ತಕದಿಂದ ಬಂದವು.

ಲೆಕ್ಕವಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ತಿಳಿಯುವುದೂ ತಪ್ಪು. ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿನ ಕಥೆ ಇದಕ್ಕೆ ಸಾಕ್ಷಿ. ಅಲ್ಲಿ ವಿಜ್ಞಾನಿಗಳಿದ್ದರು, ಹಡಗುಗಳಿದ್ದವು, ಕಂತೆ ಕಂತೆ ಅಂಕಿಗಳಿದ್ದವು. ದೊಡ್ಡ ಟ್ರಾಲರುಗಳಿಗೆ ಮೀನು ಹೇರಳವಾಗಿ ಸಿಗುತ್ತಿದೆ, ಆದುದರಿಂದ ಕಡಲಿನಲ್ಲೂ ಹೇರಳವಾಗಿದೆ ಎಂದು ಎಣಿಸಿದರು. ಹಿಂಡು ಎಲ್ಲಿ ಕೂಡಿಕೊಂಡಿದೆಯೋ ಅಲ್ಲಿಗೇ ಯಂತ್ರದ ಕಣ್ಣಿಟ್ಟು ಹೋಗುವ ಹಡಗಿಗೆ ಕೊನೆಯ ಹಿಂಡಿನವರೆಗೂ ಬಲೆ ತುಂಬುತ್ತಲೇ ಇರುತ್ತದೆಂಬುದನ್ನು ಮರೆತರು. ದಡದ ಹತ್ತಿರದ ಸಣ್ಣ ಮೀನುಗಾರರು, ಮೀನು ಕಡಿಮೆಯಾಗಿದೆ, ಗಾತ್ರವೂ ಕುಗ್ಗಿದೆ ಎಂದು 1980ರ ದಶಕದಲ್ಲಿಯೇ ಮೊರೆಯಿಟ್ಟರೂ ಅದು ಲೆಕ್ಕದ ಪುಸ್ತಕದೊಳಗೆ ಹೋಗಲಿಲ್ಲ. 1992ರ ಜುಲೈ 2ರಂದು ಸರಕಾರವು ಕಾಡ್ ಬೇಟೆಯನ್ನೇ ನಿಲ್ಲಿಸಿತು. ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಹಾಕಿದ ಆ ನಿಷೇಧ ಪೂರ್ತಿಯಾಗಿ ತೆರವಾಗಲು 2024ರವರೆಗೆ ಕಾಯಬೇಕಾಯಿತು. ಮದ್ರಾಸಿನಲ್ಲಿ ಲೆಕ್ಕವಿಲ್ಲದೆ ಬಡವನನ್ನು ಕಟ್ಟಿಹಾಕಿದರು. ಅಲ್ಲಿ ಲೆಕ್ಕವಿದ್ದೂ ಬಡವನ ಮಾತನ್ನು ಕೇಳಲಿಲ್ಲ. ಎರಡು ಕಡೆಯೂ ಬರಿಗೈಯಾದವನು ಅವನೇ.

ಇದನ್ನು ನಾವು ಪರದೇಶದ ಸುದ್ದಿಯೆಂದು ಹೇಳುತ್ತಿಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಮಂಗಳೂರಿನ ಕಡಲಿಗೆ ಇಳಿದ ಕೆಲವೇ ವರ್ಷಗಳಲ್ಲಿ ರಂಪಣಿಯು ಹೆಚ್ಚುಕಡಿಮೆ ಕಥೆಯಾಗಿ ಉಳಿಯಿತು. ಆ ಮೇಲೆ ಆಳಸಮುದ್ರದಲ್ಲಿ ಹತ್ತು ಹನ್ನೆರಡು ದಿನ ನಿಂತು ಬರುವ ಟ್ರಾಲ್ ದೋಣಿಗಳು ಬಂದವು, ಮೀನಿನ ಹಿಂಡನ್ನು ತೋರಿಸುವ ಯಂತ್ರಗಳು ಬಂದವು, ಕಣ್ಣು ಕುಕ್ಕುವ ದೀಪಗಳು ಬಂದವು. ದೀಪ ಹಚ್ಚಿ ಹಿಡಿಯುವುದನ್ನೂ ಎರಡು ದೋಣಿಗಳ ನಡುವೆ ಬಲೆ ಕಟ್ಟಿ ಬಾಚುವುದನ್ನೂ ಕೇಂದ್ರ ಸರಕಾರವು 2017ರ ನವೆಂಬರಿನಲ್ಲಿ ನಿಷೇಧಿಸಿತು. ಹಾಗಿದ್ದರೂ ನಾಡದೋಣಿಯವರಿಗೂ ಯಂತ್ರದೋಣಿಯವರಿಗೂ ಈ ವಿಷಯದಲ್ಲಿ ಜಗಳ ನಿಂತಿಲ್ಲ. ಒಬ್ಬರು, ‘ನಮ್ಮ ಬಾಯಿಯ ತುತ್ತು ಹೋಯಿತು’ ಎನ್ನುತ್ತಾರೆ. ಇನ್ನೊಬ್ಬರು, ‘ಸಾಲ ತಂದು ಕಟ್ಟಿದ ದೋಣಿ ದಡದಲ್ಲಿ ಕೊಳೆಯಬೇಕೆ’ ಎನ್ನುತ್ತಾರೆ. ಇಬ್ಬರೂ ಮನವಿಪತ್ರಗಳನ್ನು ಹಿಡಿದು ಅಧಿಕಾರಿಗಳ ಬಾಗಿಲಿಗೆ ಹೋಗುತ್ತಾರೆ. ಯಾರ ಪತ್ರದಲ್ಲಿಯೂ ಅಂಕಿಯಿರುವುದಿಲ್ಲ. ಅಂಕಿಯಿಲ್ಲದಲ್ಲಿ ಗೆಲ್ಲುವುದು ಗಂಟಲು, ಗಂಟಲಿಗಿಂತ ಹೆಚ್ಚಾಗಿ ಹಣ.

ಕರ್ನಾಟಕದ ಕರಾವಳಿ ಚಿಕ್ಕದು. 2010ರ ಸಾಗರ ಮೀನುಗಾರಿಕಾ ಗಣತಿಯಂತೆ ಇಲ್ಲಿ 144 ಮೀನುಗಾರ ಗ್ರಾಮಗಳೂ ಮೀನಿಳಿಸುವ 96 ತಾಣಗಳೂ ಇದ್ದವು. ಇಷ್ಟು ಚಿಕ್ಕ ಕರಾವಳಿಯಲ್ಲಿ ಒಪ್ಪುವಂಥ ಲೆಕ್ಕವಿಡುವುದು ಅಸಾಧ್ಯವೆಂದು ಯಾರೂ ಹೇಳಲಾರರು. ಆದರೆ ರಾಜ್ಯದ ಮೀನುಗಾರಿಕಾ ಇಲಾಖೆಯ ಎಣಿಕೆ ಒಂದು, ಕೇಂದ್ರ ಸಂಸ್ಥೆಯ ಎಣಿಕೆ ಇನ್ನೊಂದು. ವಿಧಾನ ಬೇರೆಯಾದ ಮೇಲೆ ಮೊತ್ತವೂ ಬೇರೆಯಾಗುತ್ತದೆ. ಮೊತ್ತ ಬೇರೆಯಾದ ಮೇಲೆ ತನಗೆ ಬೇಕಾದದ್ದನ್ನು ಆರಿಸಿಕೊಳ್ಳಲು ಪ್ರತಿಯೊಬ್ಬನಿಗೂ ಅನುಕೂಲ. ಇನ್ನು ಕಡಲಲ್ಲೇ ಚೆಲ್ಲಿಬಂದ ಮೀನು ದಡದ ಗಣಕನಿಗೆ ಕಾಣುವುದೆಂತು? ಬಂದರಿನಿಂದ ಮೀನುಹುಡಿಯ ಕಾರ್ಖಾನೆಗಳಿಗೆ ಲಾರಿಯಲ್ಲಿ ಹೋಗುವ ರಾಶಿಯನ್ನು ‘ಕಸಮೀನು’ ಎಂದು ಒಂದೇ ಮಾತಿನಲ್ಲಿ ಕರೆದುಬಿಡುತ್ತೇವೆ. ಆ ಕಸದಲ್ಲಿ ನಾಳೆ ಬೂತಾಯಿಯಾಗಿ, ಬಂಗುಡೆಯಾಗಿ, ಅಂಜಲಾಗಿ ಬೆಳೆಯಬೇಕಾಗಿದ್ದ ಮರಿಗಳೆಷ್ಟು ಎಂಬುದೇ ಮುಖ್ಯವಾದ ಪ್ರಶ್ನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳನ್ನು ಕಟ್ಟಿಹಾಕುವ ಸರಕಾರವು, ಆ ಎರಡು ತಿಂಗಳಲ್ಲಿ ಉಳಿದ ಮರಿಗಳು ಆಗಸ್ಟಿನ ಮೊದಲ ವಾರದಲ್ಲಿಯೇ ಹುಡಿಯಾಗಿ ಹೋಗುತ್ತವೆಯೋ ಇಲ್ಲವೋ ಎಂಬುದನ್ನು ತಿಳಿಯಲು ಕಾರ್ಖಾನೆಯ ಬಾಗಿಲಲ್ಲಿ ಒಬ್ಬ ಗಣಕನನ್ನು ನಿಲ್ಲಿಸುವುದು ದುಬಾರಿಯಾದೀತೆ?

ಮೀನುಗಾರ ಬಂಧುಗಳಿಗೂ ನಾವು ಒಂದು ಮಾತನ್ನು ಹೇಳಬೇಕಾಗಿದೆ, ಅದು ಕಹಿಯೆನಿಸಿದರೂ ಚಿಂತೆಯಿಲ್ಲ. ಲೆಕ್ಕ ಕೇಳಲು ಬಂದವನನ್ನು ಕರವಸೂಲಿಯವನೆಂದು ಕಂಡು ಕಡಿಮೆ ಹೇಳುವುದು, ಪರಿಹಾರ ಸಿಗುವ ದಿನ ಹೆಚ್ಚು ಹೇಳುವುದು ನಡೆಯುತ್ತಿರುವುದುಂಟು. ಆದರೆ ಈ ಅವಿಶ್ವಾಸಕ್ಕೆ ಅವರೊಬ್ಬರೇ ಹೊಣೆಯಲ್ಲ. ಅವರು ಕೊಟ್ಟ ಅಂಕಿಗಳು ಕೊಚ್ಚಿಗೂ ದಿಲ್ಲಿಗೂ ಹೋಗುತ್ತವೆ, ಇಂಗ್ಲಿಷಿನಲ್ಲಿ ದಪ್ಪ ವರದಿಗಳಾಗುತ್ತವೆ, ಕೊನೆಗೆ ನಿಷೇಧದ ಆಜ್ಞೆಯಾಗಿ ಮಾತ್ರ ಅವರ ಬಳಿಗೆ ಮರಳುತ್ತವೆ. ಮೂರು ತಲೆಮಾರು ಕಡಲಲ್ಲಿ ಕಳೆದ ತಾಂಡೇಲನಿಗೆ, ನಿನ್ನ ಬಂದರಿಗೆ ಹೋದ ತಿಂಗಳು ಬಂದ ಬಂಗುಡೆಯ ಸರಾಸರಿ ಉದ್ದ ಇಷ್ಟು, ಹಿಂದಿನ ವರ್ಷ ಇಷ್ಟಿತ್ತು ಎಂದು ಯಾರೂ ಹೇಳಿದವರಿಲ್ಲ. ಹೇಳಿದರೆ ಅದರ ಅರ್ಥವೇನೆಂದು ಅವನು ನಮಗೇ ತಿಳಿಸಿಕೊಟ್ಟಾನು.

2024ರ ಆಗಸ್ಟಿನಲ್ಲಿ ಒಂದು ಲಕ್ಷ ದೋಣಿಗಳಿಗೆ ಸಂಪರ್ಕಯಂತ್ರಗಳನ್ನು ಕೂಡಿಸುವ 364 ಕೋಟಿ ರೂಪಾಯಿಗಳ ಯೋಜನೆಯನ್ನು ಕೇಂದ್ರವು ಆರಂಭಿಸಿತು. ಬಿರುಗಾಳಿಯಲ್ಲಿ ಸಿಕ್ಕವನ ಪ್ರಾಣ ಉಳಿಸಲು ಅದು ಅತ್ಯುತ್ತಮ ಸಾಧನ, ಸ್ವಾಗತಾರ್ಹ. ಆದರೆ ದೋಣಿ ಎಲ್ಲಿದೆಯೆಂದು ಹೇಳುವ ಯಂತ್ರವು ಬಲೆಯಲ್ಲಿ ಏನಿದೆಯೆಂದು ಹೇಳಲಾರದು. ಅದಕ್ಕೆ ಬಂದರಿನ ಕೆಸರಿನಲ್ಲಿ ನಿಂತು, ಮೀನನ್ನು ಕೈಯಲ್ಲಿ ಹಿಡಿದು, ಜಾತಿ ಗುರುತಿಸಿ ಅಳೆಯುವವನೇ ಬೇಕು. ಅಂಥವರ ಸಂಖ್ಯೆಯನ್ನು ಹೆಚ್ಚಿಸಿ, ಅವರಲ್ಲಿ ಮೀನುಗಾರರ ಮಕ್ಕಳಿಗೇ ಮೊದಲ ಅವಕಾಶ ಕೊಡುವುದು ಯುಕ್ತ; ಓದಿದ ಹುಡುಗರೂ ಹುಡುಗಿಯರೂ ಆ ಮನೆಗಳಲ್ಲಿ ಇಂದು ಬೇಕಾದಷ್ಟು ಮಂದಿ ಇದ್ದಾರೆ. ರಾಜ್ಯ ಇಲಾಖೆಯೂ ಕೇಂದ್ರ ಸಂಸ್ಥೆಯೂ ಕೂಡಿ ಒಂದೇ ವಿಧಾನವನ್ನು ಒಪ್ಪಿಕೊಳ್ಳಲಿ. ಕಾರ್ಖಾನೆಗಳು ಕೊಂಡ ಮೀನಿನ ಪುಸ್ತಕವನ್ನು ಪ್ರತಿ ತಿಂಗಳು ಒಪ್ಪಿಸುವಂತೆ 1986ರ ಕರ್ನಾಟಕ ಸಾಗರ ಮೀನುಗಾರಿಕಾ ನಿಯಂತ್ರಣ ಕಾನೂನಿಗೆ ಬೇಕಾದ ತಿದ್ದುಪಡಿಯಾಗಲಿ. ಮಲ್ಪೆ, ಮಂಗಳೂರು, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರಗಳ ಧಕ್ಕೆಗಳಲ್ಲಿ ಒಂದೊಂದು ಕರಿಹಲಗೆಯನ್ನು ನಿಲ್ಲಿಸಿ, ಹೋದ ತಿಂಗಳ ಲೆಕ್ಕವನ್ನು ಕನ್ನಡದಲ್ಲಿ, ದೂರದಿಂದ ಓದುವಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಸಲಿ. ಮುಂದಿನ ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿಯುವ ಮೊದಲು ಈ ಹಲಗೆಗಳಾದರೂ ನಿಲ್ಲುವುದು ಸಾಧ್ಯ. ಅದಕ್ಕೆ ಕಾನೂನೂ ಬೇಡ, ಕೋಟಿ ರೂಪಾಯಿಯೂ ಬೇಡ.