ದಾನಕ್ಕೆ ಮತದ ಹಂಗೇಕೆ?

ಯಾವ ಮತದವರಲ್ಲಿ ದಾನಬುದ್ಧಿ ಹೆಚ್ಚೆಂಬ ಚರ್ಚೆಯು ಆಗಾಗ್ಗೆ ನಡೆಯುವುದುಂಟು. ಪ್ರತಿಯೊಬ್ಬರೂ ತಂತಮ್ಮ ಮತವನ್ನೇ ಮುಂದಿಡುವರು. ಇದರ ನಿರ್ಣಯಕ್ಕೆ ಶಾಸ್ತ್ರಗ್ರಂಥಗಳನ್ನು ತಿರುವಬೇಕಾಗಿಲ್ಲ. ನಮ್ಮ ಮೈಸೂರು ನಗರದ ಚರಿತ್ರೆಯನ್ನು ನೆನೆದರೆ ಸಾಕು.

ಗುರಿಕಾರ ಮರಿಮಲ್ಲಪ್ಪನವರ ದತ್ತಿಯಿಂದ 1876ರಲ್ಲಿ ವಿದ್ಯಾಶಾಲೆಯೊಂದು ಸ್ಥಾಪಿತವಾಯಿತು. ಅದರ ಮುಖ್ಯೋಪಾಧ್ಯಾಯರಾಗಿ ಬಹುಕಾಲ ದುಡಿದ ಎಂ. ವೆಂಕಟಕೃಷ್ಣಯ್ಯನವರು ದಿಕ್ಕಿಲ್ಲದ ಮಕ್ಕಳಿಗಾಗಿ ಅನಾಥಾಲಯವನ್ನು ಕಟ್ಟಿದರು. ಊರೆಲ್ಲವೂ ಅವರನ್ನು ತಾತಯ್ಯನೆಂದು ಕರೆಯಿತು. ವೆಸ್ಲಿಯನ್ ಕ್ರೈಸ್ತರು 1906ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದರು. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆಯಾಯಿತು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳವರು 1941ರಲ್ಲಿ ಇದೇ ನಗರದಲ್ಲಿ ಬಡ ವಿದ್ಯಾರ್ಥಿಗಳಿಗೆ ಅನ್ನವಸತಿಗಳನ್ನು ಕಲ್ಪಿಸಿದರು. ಔದಾರ್ಯವು ಒಂದು ಮತದ ಸ್ವತ್ತೆಂದು ಇನ್ನು ಯಾರು ತಾನೆ ಹೇಳಿಯಾರು?

ಆದರೆ ಮತ್ತೊಂದು ಮುಖವನ್ನು ಮರೆಮಾಚಲಾಗದು. ಹಿಂದೆ ವಾರಾನ್ನದಿಂದ ಓದಿ ಮುಂದೆ ಬಂದವರು ಅನೇಕರು. ಆ ಅನ್ನ ಪುಣ್ಯದ್ದೇ ಸರಿ. ಆದರೂ ಎಲೆ ಹಾಕುವ ಮುನ್ನ ಹುಡುಗನ ಕುಲವನ್ನು ಕೇಳುತ್ತಿದ್ದ ಮನೆಗಳೇ ಹೆಚ್ಚಾಗಿದ್ದುವು. ಅಷ್ಟೇ ಹಸಿದ ಬೇರೆ ಜಾತಿಯ ಬಾಲಕನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ರಾಜ್ಯದ ವಿದ್ಯಾರ್ಥಿನಿಲಯಗಳಲ್ಲಿಯೂ ಹಲವು ಕೋಮುಕೋಮುಗಳ ಹೆಸರಿನಲ್ಲಿಯೇ ಹುಟ್ಟಿದುವು.

ಸ್ವಜನರಿಗೆ ಕೊಡುವುದು ದೋಷವೆಂದು ನಾವು ಹೇಳುವುದಿಲ್ಲ. ಕೊಡುವ ಕೈ ಮೊದಲು ಪಳಗುವುದು ಅಲ್ಲಿಯೇ. ಅಲ್ಲಿಗೇ ನಿಂತರೆ ಮಾತ್ರ ಅದು ಕುಟುಂಬಪೋಷಣೆ ಎನಿಸಿಕೊಳ್ಳುವುದೇ ಹೊರತು ದಾನವೆನಿಸದು.

ದತ್ತಿಪತ್ರವನ್ನು ಬರೆಯಿಸುವ ಮಹಾಶಯರಲ್ಲಿ ನಮ್ಮ ಅರಿಕೆ ಇಷ್ಟೇ: ‘ನಮ್ಮವರಲ್ಲಿ ಬಡವರಾದವರಿಗೆ’ ಎಂದು ಬರೆಯಿಸುವ ಕಡೆ, ‘ಬಡವರಿಗೆ’ ಎಂದಷ್ಟೇ ಬರೆಯಿಸಿರಿ.